ಹೊಗೆಯಾಡುವ ಮನೆ

ಲಾಮಸೆಗಾ
ಮಾರ್ಚ್ ೬, ಸೋಮವಾರ

ಸಿಟ್ಟು ಇನ್ನೂ ಇಳಿದಿರದ ನನ್ನ ಬಾಲ್ಬಿನಾಗೆ,

ನಿನ್ನ ಕೋಳಿಗಳು ಚೆನ್ನಾಗಿವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನೆಲ್ಲ ಹಾರಿಸಿಕೊಂಡು ಅವುಗಳ ಸುದ್ದಿಯನ್ನೇ ಹುಡುಕುತ್ತೀಯ. ಕಂದು ಕೋಳಿ ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ. ಒಡತಿಯಿಂದ ಕಲಿತದ್ದಿರಬೇಕು.

ಫೋನ್ ಮಾಡಬಹುದಿತ್ತು, ನಿಜ. ಆದರೆ ನಿನ್ನ ಮಗಳು ಸಬೇಲಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕುತ್ತಾಳೆ, ಅಳಿಯ ಟೀವಿಯ ಸದ್ದು ತಗ್ಗಿಸಿ ಕಿವಿಗೊಡುತ್ತಾನೆ, ನೀನು "ಹೂಂ" ಬಿಟ್ಟು ಬೇರೇನೂ ಅನ್ನುವುದಿಲ್ಲ. ನಿನ್ನೆ ಸಭೆಯಲ್ಲಿ ನಡೆದದ್ದನ್ನು ಬೇರೆ ಯಾರಾದರೂ ಉಪ್ಪುಖಾರ ಹಚ್ಚಿ ನಿನಗೆ ಮುಟ್ಟಿಸುವ ಮೊದಲು ನಾನೇ ಹೇಳಬೇಕು. ಆಮೇಲೆ ನೀನು ಮಾತು ಬಿಡುವುದಾದರೆ ಬಿಡು. ಹೇಗೂ ಒಂದು ವರ್ಷದಿಂದ ಬಿಟ್ಟೇ ಇದ್ದೀಯ.

ನಿನ್ನೆ ಗುಡ್ಡದ ಸಭೆಯಲ್ಲಿ ಎರಡು ವಿಷಯ ತೀರ್ಮಾನವಾದವು. ನಿನ್ನ ಮನೆಯ ಹೆಸರು ಗುಡ್ಡದ ಮನೆಗಳ ಪಟ್ಟಿಯಲ್ಲಿ ಉಳಿಯಬೇಕೋ ಬೇಡವೋ ಎಂಬುದು ಒಂದು. ಗುಡ್ಡದ ನೆತ್ತಿಯನ್ನು ಕರೆಂಟು ತಯಾರಿಸುವ ಗಾಳಿಯಂತ್ರದ ಕಂಪನಿಗೆ ಬಾಡಿಗೆಗೆ ಕೊಡಬೇಕೋ ಬೇಡವೋ ಎಂಬುದು ಇನ್ನೊಂದು. ಎರಡರ ಫಲವನ್ನೂ ಈಗಲೇ ಹೇಳುವುದಿಲ್ಲ. ನಾನು ಪಟ್ಟ ಸಂಕಟದಲ್ಲಿ ಅರ್ಧದಷ್ಟಾದರೂ ನೀನು ಪಡಬೇಕು.

ಹೌದು, ನಿನ್ನ ಹೆಸರು. ಹೆಸರು ಹೋದರೆ ಏನಾಗುತ್ತದೆಂದು ನಿನಗೆ ನಾನು ಹೇಳಿಕೊಡಬೇಕಿಲ್ಲ. ಗುಡ್ಡದಲ್ಲಿ ನಿನ್ನ ಕುದುರೆ ಮೇಯುವಂತಿಲ್ಲ, ಒಂದು ಹೊರೆ ಸೌದೆ ತರುವಂತಿಲ್ಲ, ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ನೀನು ಹುಟ್ಟಿದ ಊರಿಗೇ ನೀನು ಬಂದುಹೋಗುವ ನೆಂಟಳಾಗುತ್ತೀಯ. ಅದೂ ಸೊಂಟದ ಮೂಳೆ ಮುರಿದುಕೊಂಡು ವೀಗೋ ನಗರದಲ್ಲಿ ಮಗಳ ಆರನೇ ಮಹಡಿಯ ಮನೆಯಲ್ಲಿ ಕೂತಿರುವಾಗ, ನಿನಗೆ ಗೊತ್ತೂ ಆಗದಂತೆ.

ಈ ಮಾತು ಎತ್ತಿದವನು ಅವೆಲಿನೊ. ಅವನ ಮೇಲೆ ಈಗಲೇ ಹಾರಬೇಡ. ಮೂವತ್ತು ವರ್ಷ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಕಾಗದ ಅಂದರೆ ಅವನಿಗೆ ಜೀವ. ನಮ್ಮ ಸಭೆಗೆ ಕಾರ್ಯದರ್ಶಿಯಾದ ಮೇಲೆ ನಮ್ಮ ಗುಡ್ಡಕ್ಕೂ ಇಸ್ತ್ರಿ ಹಾಕಿ ಮಡಚಿಡಬೇಕು ಅನ್ನುತ್ತಾನೆ. ಜನವರಿಯಲ್ಲೇ ನನ್ನ ಅಡುಗೆಮನೆಗೆ ಬಂದು, ಕುಡಿಯಲು ಕೊಟ್ಟ ಕಾಫಿ ಆರಿಹೋಗುವವರೆಗೆ ನಿಯಮಾವಳಿ ಓದಿದ.

"ಕಲಂ ಏಳು, ದೊರಿಂದಾ. 'ಹೊಗೆಯಾಡುವ ತೆರೆದ ಮನೆಯ ಒಡೆಯರು ಮಾತ್ರ ಗುಡ್ಡದ ಹಕ್ಕುದಾರರು. ಆರು ತಿಂಗಳು ಮನೆಯಲ್ಲಿ ವಾಸವಿಲ್ಲದವರ ಹೆಸರು ತೆಗೆಯತಕ್ಕದ್ದು.' ಬಾಲ್ಬಿನಾ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಮಾರ್ಚ್‌ಗೆ ಆರು ತಿಂಗ್ಳು."

"ಅವಳ ಮನೇಲಿ ಪ್ರತಿ ಭಾನುವಾರ ಹೊಗೆಯಾಡ್ತಿದೆಯಲ್ಲ," ಅಂದೆ.

"ಹಚ್ಚೋದು ನೀನು. ಅದು ನಿನ್ನ ಹೊಗೆ."

ಹೊಗೆಗೂ ಒಡೆತನ ಇರುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ಆ ಮಾತು ನಮ್ಮ ಕಾಗದಕ್ಕೆ ಬಂದದ್ದು ಎಲ್ಲಿಂದ ಎಂದು ನಿನಗೆ ನೆನಪಿದೆಯಲ್ಲ? ನಿನ್ನಪ್ಪ ಷೆರ್ಮಾನ್‌ನ ಬಾಯಿಂದ. ಈ ಕಡೆಯ ಊರುಗಳಲ್ಲೆಲ್ಲ ಇರುವ ಹಳೇ ಮಾತೇ ಅದು, ಆದರೆ ನ್ಯಾಯಾಧೀಶರ ಮುಂದೆ ಆಡಿದವನು ಅವನು. ಸರ್ಕಾರ ಗುಡ್ಡ ಕಿತ್ತುಕೊಂಡು ಪೈನ್ ಮರ ನೆಟ್ಟು, ಕಾಲ ಬದಲಾಗಿ, ವಾಪಸು ಕೊಡುವ ಕಾನೂನು ಬಂದಾಗ, ನ್ಯಾಯಾಧೀಶರು ಒಡೆತನದ ದಾಖಲೆ ಕೇಳಿದರಂತೆ. ನಿನ್ನಪ್ಪ ಟೋಪಿ ಕೈಯಲ್ಲಿ ಹಿಡಿದು, "ದಾಖಲೆ ಇಲ್ಲ ಸ್ವಾಮಿ, ಹೊಗೆ ಇದೆ. ಯಾವ್ ಮನೇಲಿ ಹೊಗೆಯಾಡ್ತದೋ ಆ ಮನೇದು ಗುಡ್ಡ," ಅಂದನಂತೆ. ಅವರು ನಕ್ಕು ಹಾಗೇ ಬರೆಸಿದರು. ಬರೆಸಿದ್ದರಿಂದಲೇ ಗುಡ್ಡ ನಮ್ಮದಾಯಿತು. ಈಗ ಅದೇ ಸಾಲು ಹಿಡಿದುಕೊಂಡು ಷೆರ್ಮಾನ್‌ನ ಮಗಳನ್ನೇ ಹೊರಗೆ ಹಾಕುವ ಲೆಕ್ಕ.

ಇಲ್ಲಿಗೆ ನನ್ನ ವಿಷಯಕ್ಕೆ ಬರಬೇಕು. ಬರೆಯಲು ಮುಜುಗರ, ಆದರೂ ಬರೆಯುತ್ತೇನೆ.

ನಮ್ಮದು ಇಪ್ಪತ್ತೊಂದು ಮನೆ. ಗಾಳಿಯಂತ್ರ ಬೇಕು ಅನ್ನುವವರು ಹತ್ತು, ಬೇಡ ಅನ್ನುವವರು ನಿನ್ನನ್ನೂ ಸೇರಿಸಿ ಹನ್ನೊಂದು. ನಿನ್ನ ಹೆಸರು ಹೋದರೆ ಹತ್ತಕ್ಕೆ ಹತ್ತು. ಸಮಸಮ ಬಂದರೆ ಅಧ್ಯಕ್ಷರ ಮಾತೇ ನಡೆಯುವುದು. ಅಧ್ಯಕ್ಷೆ ನಾನು. ನಾನು ಗಾಳಿಯಂತ್ರದ ಪರ ಎಂಬುದು ನಿನಗೆ ಗೊತ್ತು, ಅದಕ್ಕೇ ತಾನೇ ನೀನು ನನ್ನ ಜೊತೆ ಮಾತು ಬಿಟ್ಟದ್ದು.

ಕಳೆದ ವರ್ಷ ಸಭೆಯಲ್ಲಿ ನೀನು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಿನ್ನಮ್ಮ ಕೊನೇ ಉಸಿರು ಬಿಡೋವಾಗ ನೀನು ಪಕ್ಕದಲ್ಲಿದ್ದಿದ್ರೆ ಅದನ್ನೂ ಗಾಳಿ ಅಂತ ಬಾಡಿಗೆಗೆ ಕೊಡ್ತಿದ್ದೆ." ಎಲ್ಲರ ಮುಂದೆ ಅಂದೆ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ಕಲಿತ ಶಾಲೆಯ ಕೋಣೆಯಲ್ಲೇ ಅಂದೆ. ನಾನು ಅಮ್ಮನ ಪಕ್ಕದಲ್ಲಿ ಇರಲಿಲ್ಲ ಎಂಬುದೇ ನನ್ನ ನೋವು ಎಂದು ನಿನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದಕ್ಕೇ ಅಷ್ಟು ಸರಿಯಾಗಿ ಗುರಿಯಿಟ್ಟೆ.

ಅಮ್ಮ ಪಟ್ಟಣದ ವೃದ್ಧಾಶ್ರಮದಲ್ಲಿ ಎರಡು ಚಳಿಗಾಲ ಕಳೆದಳು. ಅಲ್ಲಿನವರು ಒಳ್ಳೆಯವರು, ಕೋಣೆ ಬೆಚ್ಚಗಿತ್ತು. ಆದರೂ ನಾನು ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಒಲೆ ಹಚ್ಚಿದ್ಯೇನೇ?" ಮನೆಗೆ ಕರೆದುಕೊಂಡು ಬಂದರೆ ನೋಡಿಕೊಳ್ಳುವ ನರ್ಸ್ ಇಲ್ಲ, ವೈದ್ಯರು ಬರುವುದಿಲ್ಲ, ನಾನು ಆಗ ಮೀನಿನ ಡಬ್ಬಿಯ ಕಾರ್ಖಾನೆಗೆ ಹೋಗುತ್ತಿದ್ದೆ. ಕಂಪನಿಯ ದುಡ್ಡು ಬಂದರೆ ಮುಚ್ಚಿಹೋದ ಆ ಶಾಲೆಯ ಕಟ್ಟಡದಲ್ಲಿ ಒಂದು ಹಗಲುಮನೆ ಮಾಡಬೇಕು ಎಂಬುದು ನನ್ನ ಆಸೆ. ಬಿಸಿ ಊಟ, ವಾರಕ್ಕೆರಡು ಸಲ ನರ್ಸ್, ದೊಡ್ಡ ಒಲೆ, ಕಿಟಕಿ ಪಕ್ಕ ಕುರ್ಚಿಗಳು. ಬೆಳಿಗ್ಗೆ ಬಂದು ಸಂಜೆ ಅವರವರ ಮನೆಗೆ ಹೋಗಿ ಮಲಗುವುದು. ವಯಸ್ಸಾಯಿತು ಅಂತ ಯಾರೂ ಊರು ಬಿಟ್ಟು ಲಿಫ್ಟಿನಲ್ಲಿ ಹತ್ತಿ ಇಳಿಯಬೇಕಾಗಿಲ್ಲ. ನಿನಗೆ ಇದು ಗೊತ್ತಿತ್ತು. ಆದರೆ ನಿನಗೆ ನಿನ್ನ ಬುಗ್ಗೆಯ ಚಿಂತೆ. ಕಂಬಕ್ಕೆ ಗುಂಡಿ ತೋಡಿದರೆ ನೀರಿನ ಸೆಲೆ ಒಡೆದುಹೋಗುತ್ತದೆ, ಕುದುರೆಗಳು ಕುಡಿಯುವುದೆಲ್ಲಿ ಎಂದು. ಅದೂ ಸುಳ್ಳಲ್ಲ. ಈಗ ಒಪ್ಪಿಕೊಳ್ಳುತ್ತೇನೆ, ನೀನಿಲ್ಲದಾಗ ಒಪ್ಪುವುದು ಸುಲಭ.

ಇನ್ನು ನಿನ್ನ ಮನೆಯ ಬೀಗದ ಕೈ. ಮಾತು ಬಿಟ್ಟಿದ್ದರೂ ನೀನು ಅದನ್ನು ನನಗೇ ಕೊಟ್ಟದ್ದು ಯಾಕೆ? ಎಪ್ಪತ್ತು ದಾಟಿದ ಮೇಲೆ ಅಂಜೂರ ಕೀಳಲು ಏಣಿ ಹತ್ತುವವಳಿಗೆ ಬುದ್ಧಿ ಇದೆಯೆಂದು ನಾನು ಹೇಳಲಾರೆ, ಅದು ಬಿಡು. ಆಂಬುಲೆನ್ಸಿನವರು ನಿನ್ನನ್ನು ಎತ್ತುತ್ತಿದ್ದಾಗ ಬೇಲಿಯ ಹತ್ತಿರ ಅರ್ಧ ಊರೇ ನಿಂತಿತ್ತು. ನೀನು ಏಪ್ರನ್ನಿನ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. "ಕೋಳಿ," ಅಂದೆ. ಅಷ್ಟೇ. ವರ್ಷಕ್ಕೆ ನೀನು ನನ್ನ ಜೊತೆ ಆಡಿದ ಮಾತು ಅದೊಂದೇ, ಅದೂ ಕೋಳಿಯ ಬಗ್ಗೆ.

ಬೀಗದ ಕೈ ಕೊಡುವುದೆಂದರೆ ನಮ್ಮೂರಿನಲ್ಲಿ ಏನು ಅರ್ಥ ಎಂದು ಯಾವ ಕಲಮಿನಲ್ಲೂ ಬರೆದಿಲ್ಲ. ಯಾರ ಹತ್ತಿರ ಬೀಗದ ಕೈಯೋ ಅವರೇ ಒಲೆ ಹಚ್ಚಬೇಕು, ಸಭೆಯಲ್ಲಿ ಆ ಮನೆಯ ಪರವಾಗಿ ಕೈ ಎತ್ತಬೇಕಾದವರೂ ಅವರೇ. ಇದು ಎಲ್ಲರಿಗೂ ಗೊತ್ತಿದೆ, ಅದಕ್ಕೇ ಯಾರೂ ಹೇಳುವುದಿಲ್ಲ. ಹಾಗಾಗಿ ಭಾನುವಾರ ಚರ್ಚಿಗೆ ಪೂಜೆಗೆ ಹೋಗುವ ಮೊದಲು ನಿನ್ನ ಅಡುಗೆಮನೆಗೆ ಹೋಗಿ ನಾಲ್ಕು ಕಟ್ಟಿಗೆ ಹಚ್ಚಿ ಬರುತ್ತಿದ್ದೆ. ನಿನ್ನ ಸೌದೆಯ ಅಟ್ಟಿಯಲ್ಲಿ ಎಡಗಡೆಯದು ಹಸಿ ಇತ್ತು. ಓಕ್ ಅಂತ ನಿನಗೆ ಮಾರಿದವನು ಟೋಪಿ ಹಾಕಿದ್ದಾನೆ.

ಸಭೆಗೆ ಒಂದು ವಾರ ಮೊದಲು, ಅವೆಲಿನೊ ನೋಟೀಸು ಅಂಟಿಸಿದ ಮೇಲೆ, ಎಂದಿನಂತೆ ನಿನ್ನ ಒಲೆಯ ಮುಂದೆ ಕೂತೆ. ಬೆಂಕಿಪೊಟ್ಟಣ ಕೈಯಲ್ಲಿತ್ತು. ಇವತ್ತು ಹಚ್ಚದೆ ಹೋದರೆ ಯಾರು ಕೇಳುತ್ತಾರೆ ಅನ್ನಿಸಿತು. ಅಧ್ಯಕ್ಷೆಯೇ ಸಭೆಯಲ್ಲಿ ನಿಂತು, ಆ ಮನೆಯಲ್ಲಿ ಈಗ ಹೊಗೆಯಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಹಗಲುಮನೆಯ ಕಿಟಕಿಗೆ ಪರದೆ ಯಾವ ಬಣ್ಣದ್ದು ಎಂದು ಕೂಡ ನಾನು ಯೋಚಿಸಿಬಿಟ್ಟಿದ್ದೆ. ಎಷ್ಟು ಹೊತ್ತು ಕೂತೆನೋ. ಆಮೇಲೆ ಹಿಂದಿನಿಂದ ಕಂದು ಕೋಳಿ ಒಳಗೆ ಬಂದು, ನಾನು ಯಾರೋ ಕಳ್ಳಿ ಅನ್ನುವ ಹಾಗೆ ನೋಡಿತು. ಹಚ್ಚಿದೆ.

ನಿನ್ನೆ ಪೂಜೆ ಮುಗಿದ ಕೂಡಲೇ ಚರ್ಚಿನ ಗಂಟೆ ಹೊಡೆದು ಸಭೆ ಕರೆದೆವು. ಎಲ್ಲ ಮನೆಯವರೂ ಬಂದಿದ್ದರು. ಕಂಪನಿಯ ಕಡೆಯಿಂದ ಒಬ್ಬಳು ವಕೀಲೆ ಬಂದಿದ್ದಳು, ಕೆಸರಿಗೆ ಲಾಯಕ್ಕಿಲ್ಲದ ಬೂಟು ಹಾಕಿಕೊಂಡು. ಒಳ್ಳೆಯ ಹೆಣ್ಣು, ಎಲ್ಲರ ಕೈ ಕುಲುಕಿದಳು, ಸೆಲ್ಸೊ ಅಜ್ಜನ ಕಿವಿಯ ಹತ್ತಿರ ಬಗ್ಗಿ ಮಾತಾಡಿದಳು.

ಅವೆಲಿನೊ ಕಲಂ ಏಳನ್ನು ಗಂಟಲು ಸರಿಮಾಡಿಕೊಂಡು ಓದಿದ. ಓದಿ ಮುಗಿಸಿ ಒಂದು ಮಾತು ಸೇರಿಸಿದ. ಅದನ್ನು ನಾನು ಹಾಗೇ ಬರೆಯುತ್ತೇನೆ, ಯಾಕೆಂದರೆ ಅವನೂ ತಪ್ಪು ಹೇಳಲಿಲ್ಲ. "ನನಗೇನ್ ಬಾಲ್ಬಿನಾ ಮೇಲೆ ಹಗೆ ಇಲ್ಲ. ನಾಳೆ ಮ್ಯಾಡ್ರಿಡ್‌ನಲ್ಲಿ ಕೂತವ್ರು ಯಾರಿಗೋ ಬೀಗದ ಕೈ ಕೊಟ್ಟು, ವಾರಕ್ಕೊಂದ್ ಸಲ ಬೆಂಕಿ ಹಾಕಿಸಿ, ನಮ್ದೂ ಹೊಗೆ ಇದೆ, ನಮ್ ಪಾಲು ಕೊಡಿ ಅಂತಾರೆ. ಆ ಪೆನೆಲಾದ ಮನೆಯವ್ರು ಮಾಡಿದ್ದು ಇದನ್ನೇ ಅಲ್ವಾ? ಅವತ್ತು ಎಲ್ರೂ ಸೇರಿ ಅವರನ್ನ ತೆಗೆದ್ವಿ. ಇವತ್ತು ನಮ್ಮವಳು ಅಂತ ಬಿಟ್ರೆ ನಾಳೆ ನ್ಯಾಯಾಲಯದಲ್ಲಿ ನಮಗೆ ನಾಲಿಗೆ ಇರಲ್ಲ."

ಪೆನೆಲಾದವರ ವಿಷಯ ನಿಜವಲ್ಲವೆ. ವಕೀಲೆಯೂ ಮೆಲ್ಲಗೆ, ಪಟ್ಟಿ ಬರೆದ ನಿಯಮದಂತೆಯೇ ಇದ್ದರೆ ಒಪ್ಪಂದಕ್ಕೆ ಬಲ ಜಾಸ್ತಿ ಎಂದಳು.

ಆಗ ಎದ್ದವನು ಸೆಲ್ಸೊ ಅಜ್ಜ. ಗಾಳಿಯಂತ್ರಕ್ಕೆ ಹೌದು ಅನ್ನುವ ಹತ್ತರಲ್ಲಿ ಅವನೂ ಒಬ್ಬ, ಹಗಲುಮನೆಯಲ್ಲಿ ಬಿಸಿ ಸಾರು ಸಿಗುತ್ತದೆಂದು ನನ್ನ ಹಿಂದೆ ಎರಡು ವರ್ಷದಿಂದ ಬಿದ್ದವನು. ಕೋಲೂರಿ ನಿಂತು ಹೇಳಿದ: "ನಾನು ಚಿಕ್ಕೋನಿದ್ದಾಗ ಅಪ್ಪ ಜೈಲಲ್ಲಿ, ಅಮ್ಮ ಕ್ಷಯದ ಆಸ್ಪತ್ರೆಲಿ, ನಾನು ಸೋದರತ್ತೆ ಊರಲ್ಲಿ. ಮನೆ ಖಾಲಿ. ಮುಚ್ಚಿದ ಮನೆ ಅಂತ ಬರ್ಕೊಂಡು ಹೋಗೋಕ್ಕೆ ಪೊಲೀಸ್ನವ್ರು ಬಂದ್ರೆ ಹೊಗೆಗೂಡಲ್ಲಿ ಹೊಗೆ! ಮೂರು ಮನೆಯವ್ರು ಸರದಿ ಮೇಲೆ ಕೆಂಡ ಹೊತ್ಕೊಂಡು ಬಂದು ಹಾಕ್ತಿದ್ರಂತೆ. ಯಾರು ಹಚ್ಚಿದ ಬೆಂಕಿ ಇದು ಅಂತ ಪೊಲೀಸ್ನವ್ರು ಬೂಟು ಕುಟ್ಟಿ ಕೇಳಿದ್ರೆ, ಒಲೆ ಬೆಂಕಿ ಸ್ವಾಮಿ ಅಂದ್ರಂತೆ. ಅಷ್ಟೇ. ನನ್ ಹೆಸರು ಈ ಪಟ್ಟಿಲಿ ಇರೋದು ಆ ಕೆಂಡದಿಂದ. ಬಾಲ್ಬಿನಾ ಹೆಸರು ಹೊಡೆಯೋದಾದ್ರೆ ಮೊದ್ಲು ನನ್ದು ಹೊಡಿ, ಅವೆಲಿನೊ. ನಿನ್ ಪೆನ್ನಲ್ಲಿ ಮಸಿ ಇದ್ಯಾ?"

ಆ ಮೂರರಲ್ಲಿ ಒಂದು ಮನೆ ಅವೆಲಿನೊನ ಅಜ್ಜಿಯದೇ. ಅದನ್ನು ಸೆಲ್ಸೊ ಅಜ್ಜ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವೆಲಿನೊ ಕನ್ನಡಕ ತೆಗೆದು ಒರೆಸತೊಡಗಿದ.

ಈಗ ನಾನು ಸುಮ್ಮನಿದ್ದರೂ ಸಾಕಿತ್ತು. ಆದರೆ ಅವೆಲಿನೊ, "ಅದು ಬರೆಯೋಕ್ಕೆ ಮುಂಚಿನ ಕಾಲ, ಈಗ ಬರೆದಾಗಿದೆ," ಅಂದ. ನನಗೆ ತಡೆಯಲಾಗಲಿಲ್ಲ.

"ಸರಿ, ಬರೆದ ಹಾಗೇ ಹೋಗೋಣ," ಅಂದೆ. "ಬ್ರೈಸ್, ಇರಿಯಾ, ನಿಮ್ಮ ಮನೇಲಿ ಹೊಗೆ ಎಲ್ಲಿದೆ?"

ನಿನಗೆ ನೆನಪಿದೆಯಲ್ಲ, ಆ ಗಂಡ ಹೆಂಡತಿ ಊರಿಗೆ ಬಂದು ಹೊಸ ಮನೆ ಕಟ್ಟಿದಾಗ ಹೊಗೆಗೂಡೇ ಇಡಲಿಲ್ಲ. ಕರೆಂಟಿನ ಒಲೆ, ಕರೆಂಟಿನ ಹೀಟರು. ಅವರನ್ನು ಪಟ್ಟಿಗೆ ಸೇರಿಸುವುದು ಹೇಗೆ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಇದೇ ಅವೆಲಿನೊ, "ಬ್ರೈಸ್ ದಿನಕ್ಕೊಂದು ಪ್ಯಾಕು ಸೇದ್ತಾನೆ, ಹೊಗೆ ಸಾಲ್ದಾ?" ಅಂದಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕು ಹೌದು ಅಂದಿದ್ದೆವು. ಅವರದೂ ಗಾಳಿಯಂತ್ರಕ್ಕೆ ಹೌದು. ಅವರ ಹೆಸರು ಹೋದರೆ ನನ್ನ ಕಡೆಯದೇ ಒಂದು ಕೈ ಹೋಗುತ್ತದೆ. ಗೊತ್ತಿದ್ದೇ ಕೇಳಿದೆ.

ಬ್ರೈಸ್ ಕೆಂಪಗಾಗಿ ಎದ್ದ. "ದೊರಿಂದಕ್ಕ, ಜನವರಿಯಿಂದ ಸಿಗರೇಟು ಬಿಟ್ಟಿದೀನಿ," ಅಂದ. "ಇರಿಯಾಗೆ ಈಗ... ಮಗು..."

ಇಡೀ ಶಾಲೆ ನಗೆಯಲ್ಲಿ ಮುಳುಗಿತು. ಬಾಲ್ಬಿನಾ, ಊರಿನಲ್ಲಿ ಮಗು ಹುಟ್ಟಲಿದೆ! ಹೆಂಗಸರೆಲ್ಲ ಇರಿಯಾಳನ್ನು ಮುತ್ತಿಕೊಂಡರು, ಸಭೆ ನಡೆಸಲು ನಾನು ಮೇಜು ಗುದ್ದಬೇಕಾಯಿತು. ಹೊಗೆಯೇ ಇಲ್ಲದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ, ಅವರ ಹೆಸರು ತೆಗೆಯುವ ಎದೆ ಯಾರಿಗಿದೆ ಹೇಳು? ಅವೆಲಿನೊಗೂ ಇರಲಿಲ್ಲ. ಆದರೂ ಪಾಪ, ಸೋತವನ ದನಿಯಲ್ಲಿ ಕೇಳಿದ: "ಹಾಗಾದ್ರೆ ಬರೆದಿದ್ದು ಯಾಕೆ?"

"ಬರೆದಿದ್ದು ಹೊರಗಿನವ್ರು ನಮ್ಮನ್ನ ಗುಡ್ಡದಿಂದ ಓಡಿಸಬಾರ್ದು ಅಂತ," ಅಂದೆ. "ನಾವೇ ನಮ್ಮವರನ್ನ ಓಡಿಸ್ಲಿ ಅಂತ ಅಲ್ಲ."

"ಪೆನೆಲಾದವ್ರಿಗೂ ಬಾಲ್ಬಿನಾಗೂ ವ್ಯತ್ಯಾಸ ಏನಂತ ನಾನು ನಡಾವಳಿಲಿ ಬರೀಲಿ? ಏನಾದ್ರೂ ಬರೀಬೇಕಲ್ಲ."

ಅದಕ್ಕೆ ಉತ್ತರ ಕೊಟ್ಟವಳು ಕೊನೇ ಬೆಂಚಿನ ಎರುಂದೀನಾ, ಸಭೆಯಲ್ಲಿ ನಿದ್ದೆ ಮಾಡುವುದು ಬಿಟ್ಟು ಬೇರೇನೂ ಮಾಡದವಳು. "ಕೋಳಿ," ಅಂದಳು. "ಪೆನೆಲಾದವ್ರು ಕೋಳಿ ಮಾರಿ ಹೋದ್ರು. ಬಾಲ್ಬಿನಾ ಬಿಟ್ಟು ಹೋಗಿದಾಳೆ. ಕೋಳಿ ಬಿಟ್ಟು ಹೋದೋಳು ವಾಪಸ್ ಬರ್ತಾಳೆ."

ಹಾಗೆ ತೀರ್ಮಾನವಾಯಿತು. ಅವೆಲಿನೊ ಅದನ್ನು ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ: ಮರಳಿ ಬರುವ ಉದ್ದೇಶದ ಗುರುತನ್ನು ಬಿಟ್ಟುಹೋದವರ ಮನೆಯನ್ನು ತೆರೆದ ಮನೆಯೆಂದೇ ಎಣಿಸತಕ್ಕದ್ದು, ಅಂಥ ಮನೆಯ ಒಲೆಯನ್ನು ಯಾರು ಹಚ್ಚಿದರೆಂದು ಯಾರೂ ಕೇಳತಕ್ಕದ್ದಲ್ಲ. 'ಗುರುತು' ಅಂದರೆ ಕೋಳಿ ಎಂದು ಅಂಚಿನಲ್ಲಿ ಚಿಕ್ಕದಾಗಿ ಬರೆದ. ವಕೀಲೆಗೆ ನಗು ತಡೆಯಲಾಗಲಿಲ್ಲ. ಮುಂದೊಂದು ದಿನ ಯಾರೋ ಜಾಣರು ಈ ಸಾಲನ್ನೂ ಹಿಡಿದು ಜಗ್ಗುತ್ತಾರೆ, ನಾಲ್ಕು ಕೋಳಿ ಕೊಂಡು ಬಿಟ್ಟು ಹೋಗುತ್ತಾರೆ. ಆಗ ಇನ್ನೊಬ್ಬಳು ಎರುಂದೀನಾ ಎಚ್ಚರಾಗಬೇಕು.

ಹೀಗೆ ನಿನ್ನ ಹೆಸರು ಉಳಿಯಿತು. ಇನ್ನು ಉಳಿದದ್ದು ಗಾಳಿಯಂತ್ರ.

ಮತಕ್ಕೆ ಹಾಕುವ ಮೊದಲು ಅವೆಲಿನೊ ನನ್ನ ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದ. "ಬೀಗದ ಕೈ ನಿನ್ ಹತ್ರನೇ ಇದೆಯಲ್ಲ. ಹೌದು ಅಂತ ಎತ್ತು. ಹನ್ನೊಂದಾಗುತ್ತೆ. ಯಾರೂ ಏನೂ ಕೇಳೋ ಹಾಗಿಲ್ಲ." ಅವನು ಹೇಳಿದ್ದು ಸರಿಯೇ. ಬೀಗದ ಕೈ ಇದ್ದವಳು ಒಡತಿಯ ಮನಸ್ಸಿನಂತೆ ಎತ್ತಬೇಕು ಎಂದು ಎಲ್ಲೂ ಬರೆದಿಲ್ಲ. ನೀನು ನನಗೆ ಹೇಳಿದ್ದು 'ಕೋಳಿ' ಎಂದಷ್ಟೇ. ಶಾಲೆಯ ಆ ಕಿಟಕಿಗಳನ್ನು ನೋಡಿದೆ. ಗಾಜು ಒಡೆದ ಕಡೆ ರಟ್ಟು ಅಂಟಿಸಿದ್ದೇವೆ. ಅಮ್ಮ ನೆನಪಾದಳು.

'ಬೇಕು ಅನ್ನುವವರು' ಎಂದಾಗ ನನ್ನ ಮನೆಯ ಪರವಾಗಿ ಬಲಗೈ ಎತ್ತಿದೆ. ಹತ್ತು. 'ಬೇಡ ಅನ್ನುವವರು' ಎಂದಾಗ ನಿನ್ನ ಬೀಗದ ಕೈ ಹಿಡಿದ ಎಡಗೈ ಎತ್ತಿದೆ. ಹನ್ನೊಂದು.

"ಅಧ್ಯಕ್ಷರ ಎಡಗೈಗೂ ಬಲಗೈಗೂ ಆಗಿಬರಲ್ಲ," ಎಂದು ಯಾರೋ ಹಿಂದಿನಿಂದ ಕುಶಾಲು ಮಾಡಿದರು. ಒಬ್ಬಿಬ್ಬರು ನಕ್ಕರು. ವಕೀಲೆ ಕಂಪ್ಯೂಟರ್ ಮಡಚಿ ಧನ್ಯವಾದ ಹೇಳಿ ಕೆಸರಿನಲ್ಲಿ ಕಾರಿನ ತನಕ ಹೋದಳು. ಸೆಲ್ಸೊ ಅಜ್ಜ ಬಾಗಿಲಲ್ಲಿ ನನ್ನ ತೋಳು ಹಿಡಿದು, "ನನ್ ಸಾರು ಹೋಯ್ತಲ್ಲೇ," ಅಂದ. ಬೈಯುವ ದನಿಯಲ್ಲ. ನಾನು ಮನೆಗೆ ಹೋಗಿ ಟರ್ನಿಪ್ ಸೊಪ್ಪಿನ ಸಾರು ಮಾಡಿ ಅವನಿಗೊಂದು ಪಾತ್ರೆ ಕೊಟ್ಟು ಬಂದೆ. ಸೊಪ್ಪು ಹೆಚ್ಚುವಾಗ ಅತ್ತೆ. ಈರುಳ್ಳಿಯ ನೆಪವೂ ಇರಲಿಲ್ಲ.

ನಿನ್ನ ಬುಗ್ಗೆ ಉಳಿಯಿತು, ನಿನ್ನ ಕುದುರೆಗೆ ನೀರಾಯಿತು, ನನ್ನ ಹಗಲುಮನೆ ಹೋಯಿತು. ನನ್ನ ಕೈಯಿಂದಲೇ ಹೋಯಿತು. ನೀನು ಥ್ಯಾಂಕ್ಸ್ ಹೇಳಲಿ ಎಂದು ಇದನ್ನು ಬರೆಯುತ್ತಿಲ್ಲ. ಅಮ್ಮನ ಉಸಿರಿನ ಮಾತನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ ಎಂದೂ ತಿಳಿಯಬೇಡ, ನಿನ್ನ ಮೇಲೆ ನನಗೆ ಕೋಪ ಹಾಗೇ ಇದೆ. ಕೋಪವಿದ್ದವಳ ಕೈಗೇ ನೀನು ಮನೆ ಕೊಟ್ಟು ಹೋದೆ. ಅಂಥ ನಂಬಿಕೆಯನ್ನು ನಾನು ಬೇರೆ ಯಾರಿಂದಲೂ ಪಡೆದಿಲ್ಲ, ಅದನ್ನು ಗಾಳಿಯಂತ್ರಕ್ಕಾಗಿ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ನೀನಿಲ್ಲದೆ ಬೇಲಿಯಾಚೆ ನೋಡಿದರೆ ಬೇಸರವಾಗುತ್ತದೆ. ಜಗಳವಾಡಲಿಕ್ಕಾದರೂ ನೀನಿರಬೇಕು.

ಇದನ್ನು ನಾಳೆ ಅಂಚೆಯ ಸೂಸೊನ ವ್ಯಾನಿಗೆ ಕೊಡುತ್ತೇನೆ. ಸೊಂಟ ಜೋಪಾನ. ಸಬೇಲಾಳ ಮನೆಯಲ್ಲಿ ಏಣಿ ಇಲ್ಲ ತಾನೇ?

ಇಂತಿ, ನಿನ್ನ ಬೇಲಿಯ ಈಚೆಯವಳು,
ದೊರಿಂದಾ

ಮರೆತ ಮಾತಲ್ಲ, ಈಗ ಬಂದ ಮಾತು. ಮಂಗಳವಾರ ಮಧ್ಯಾಹ್ನ:

ಕಾಗದ ಕೊಡಲು ಹೋದರೆ ಸೂಸೊ ಅದೇ ವ್ಯಾನಿನಿಂದ ನಿನ್ನ ಕಾರ್ಡು ತೆಗೆದು ಕೊಟ್ಟ. ವೀಗೋದ ಸಮುದ್ರದ ಚಿತ್ರ. ಹಿಂದೆ ನಿನ್ನ ಓರೆ ಅಕ್ಷರ, ಪೂರ್ತಿ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಕಳೆದ ಗುರುವಾರದ ತಾರೀಖು, ಸಹಿ. 'ನನ್ನ ಮನೆಯ ಮತವನ್ನು ದೊರಿಂದಾಗೆ ಕೊಟ್ಟಿದ್ದೇನೆ, ಗಾಳಿಯಂತ್ರಕ್ಕೆ ಹೌದು ಎಂದು ಹಾಕಲಿ.' ಕೆಳಗೆ ಇರುಕಿನಲ್ಲಿ: 'ಕಿಟಕಿ ಪಕ್ಕದ ಕುರ್ಚಿ ನನಗೆ.'

ರಸ್ತೆಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಸೂಸೊ ನೀರು ಬೇಕಾ ಎಂದು ಕೇಳಿದ.

ಮೂರು ದಿನ ಮೊದಲು ಹಾಕಬಾರದಿತ್ತೇನೇ ಮಾರಾಯ್ತಿ? ಇದನ್ನು ಅವೆಲಿನೊಗೆ ತೋರಿಸಿದರೆ ಸಾಕು, ಮೊನ್ನೆಯದೆಲ್ಲ ರದ್ದು. ಸಭೆಗೆ ಮೊದಲೇ ಬರೆದ ಕಾಗದ, ಸಹಿ ಇದೆ, ಸಂಖ್ಯೆ ಇದೆ. ಹೌದು ಹನ್ನೊಂದು, ಬೇಡ ಹತ್ತು. ಹಗಲುಮನೆ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು, ನೀನು ಬೀಗದ ಕೈ ತೆಗೆದಂಥ ಜೇಬಿನಲ್ಲೇ.

ಆದರೆ ಎಲ್ಲರ ಮುಂದೆ ಬೀಗದ ಕೈ ಹಿಡಿದು ಎತ್ತಿದ ಕೈಯನ್ನು ಕಾಗದ ತೋರಿಸಿ ಇಳಿಸಿದರೆ, ನಾಳೆಯಿಂದ ಈ ಊರಿನಲ್ಲಿ ಯಾರು ಯಾರಿಗೆ ಬೀಗದ ಕೈ ಕೊಡುತ್ತಾರೆ? ಇನ್ನೊಂದು, ಈ 'ಹೌದು' ನಿನ್ನದಲ್ಲ. ಆರನೇ ಮಹಡಿಯದು. ನನ್ನನ್ನು ಸಮಾಧಾನ ಮಾಡಲು ನಿನ್ನ ಬುಗ್ಗೆಯನ್ನು ಮಾರುತ್ತಿದ್ದೀಯ. ನನಗೆ ಬೇಡ.

ಇವತ್ತು ಭಾನುವಾರವಲ್ಲ, ಆದರೂ ನಿನ್ನ ಒಲೆ ಹಚ್ಚಿದೆ, ಆ ಕಾರ್ಡಿನಿಂದಲೇ. ದಪ್ಪ ರಟ್ಟು, ಬೇಗ ಹತ್ತಲಿಲ್ಲ. ಮೊದಲು ಸಮುದ್ರ ಸುಟ್ಟುಹೋಯಿತು, ಕೊನೆಗೆ ಕುರ್ಚಿಯ ಸಾಲು. ಹೊರಗೆ ಬಂದಾಗ ಅವೆಲಿನೊ ದಾರಿಯಲ್ಲಿ ನಿಂತು ನಿನ್ನ ಹೊಗೆಗೂಡನ್ನೇ ನೋಡುತ್ತಿದ್ದ. ಮಂಗಳವಾರ ಯಾಕೆ ಎಂದು ಅವನ ತುಟಿಯವರೆಗೆ ಬಂತು, ಕೇಳಲಿಲ್ಲ. ಕೇಳತಕ್ಕದ್ದಲ್ಲ ಎಂದು ಅವನೇ ಬರೆದಿದ್ದಾನಲ್ಲ.

ನೀನು ನಿಜವಾಗಿ ಹೌದು ಅನ್ನುವುದಾದರೆ ಬಂದು, ಬುಗ್ಗೆಯ ನೀರು ಕುಡಿದು, ನಿನ್ನ ಕೈಯನ್ನೇ ಎತ್ತು. ಸಭೆ ಮತ್ತೆ ಕರೆಯುತ್ತೇನೆ. ಬೇಡ ಅನ್ನುವುದಾದರೂ ಬಾ. ನನ್ನ ಅಡುಗೆಮನೆಯ ಕಿಟಕಿ ಪಕ್ಕ ಈಗ ತಾನೇ ಒಂದು ಕುರ್ಚಿ ಇಟ್ಟೆ. ಅದಕ್ಕೆ ಯಾರ ಮತವೂ ಬೇಕಿಲ್ಲ.

ದೊ.